ಗೊತ್ತಿಲ್ಲ ಎನ್ನುತ್ತಿದ್ದ ಏಜೆಂಟರು

ಅವರ ಕೆಳತುಟಿಯ ನಡುವೆ ಯಾವಾಗಲೂ ಒಂದು ನೇರಳೆ ಬಣ್ಣದ ಕಲೆ ಇರುತ್ತಿತ್ತು. ಹಣ್ಣಿನ ಕಾಲವಿರಲಿ ಇಲ್ಲದಿರಲಿ, ಈಗಷ್ಟೇ ಒಂದು ಬೊಗಸೆ ನೇರಳೆಹಣ್ಣು ತಿಂದು ಬಾಯಿ ಒರೆಸಿಕೊಳ್ಳಲು ಮರೆತವರ ಹಾಗೆ ಕಾಣುತ್ತಿದ್ದರು. ಅವರು ಟಿಕೀಟು ಬರೆಯುತ್ತಿದ್ದ ಪೆನ್ಸಿಲು ಅಂಥದ್ದು. ತುದಿಯನ್ನು ಒದ್ದೆ ಮಾಡಿದರೆ ಮಾತ್ರ ಅಕ್ಷರ ಗಾಢವಾಗಿ ಮೂಡುತ್ತಿತ್ತು. ಪ್ರತಿ ಟಿಕೀಟಿಗೂ ಪೆನ್ಸಿಲನ್ನು ತುಟಿಗೆ ಒತ್ತಿ, ನಮ್ಮ ಮುಖವನ್ನೊಮ್ಮೆ ನೋಡಿ, ಆಮೇಲೆ ಬರೆಯುವರು. ಊರಿನ ಮಕ್ಕಳು ಪೆನ್ಸಿಲಿನ ತುಂಡು ಸಿಕ್ಕಿದರೆ ತುಟಿಗೆ ಬಳಿದುಕೊಂಡು ‘ನಾನು ಏಜೆಂಟು’ ಎಂದು ಆಡುತ್ತಿದ್ದರು. ನಾನೂ ಆಡಿದ್ದೇನೆ, ಅವ್ವನಿಂದ ಏಟೂ ತಿಂದಿದ್ದೇನೆ.

ಪಿರಿಯಾಪಟ್ಟಣದಲ್ಲಿ ಬಸ್ಸು ನಿಲ್ಲುತ್ತಿದ್ದ ಕಡೆ ಒಂದು ಗೋಣಿಮರ, ಅದರ ಬುಡದಲ್ಲಿ ತಗಡಿನ ಗೂಡು. ಅದೇ ಅವರ ಆಫೀಸು. ಆಗ ನಮ್ಮ ಕಡೆಯ ಬಸ್ಸುಗಳೆಲ್ಲ ಖಾಸಗಿಯವರವು. ಮೈಸೂರಿಗೋ ಮಡಿಕೇರಿಗೋ ಹೋಗುವವರಿಗೆ ಟಿಕೀಟು ಬರೆದುಕೊಟ್ಟು, ಗಂಟೆ ಬಾರಿಸಿ ಬಸ್ಸು ಹೊರಡಿಸಲು ಊರಿಗೊಬ್ಬ ಏಜೆಂಟ ಇರುತ್ತಿದ್ದ. ನಮ್ಮೂರಿನವರನ್ನು ಮಾತ್ರ ಜನ ಮರ್ಯಾದೆಯಿಂದ ಏಜೆಂಟರು ಎನ್ನುತ್ತಿದ್ದರು. ಖಾಕಿ ಕೋಟು, ಮೊಣಕಾಲಿನ ಕೆಳಗೆ ಇಳಿಯದ ಪಂಚೆ, ಕಾಲಿಗೆ ಟೈರಿನ ಚಪ್ಪಲಿ. ನೋಡುವುದಕ್ಕೆ ದೊಡ್ಡ ಮನುಷ್ಯರೇನಲ್ಲ.

ಮರ್ಯಾದೆಗೆ ಕಾರಣ ಬೇರೆ ಇತ್ತು. ಬಸ್ ಏಜೆಂಟರ ಜಾತಿಯೇ ಸುಳ್ಳಿನದು. ‘ಇನ್ನೇನು ಬಂತು, ಅಗೋ ಹಾರನ್ ಕೇಳ್ತಾ ಅದೆ’ ಎಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಜನರನ್ನು ಕೂರಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನಮ್ಮ ಏಜೆಂಟರನ್ನು ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರೆ, ಗೊತ್ತಿದ್ದರೆ ಹೇಳುವರು, ಇಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನುವರು. ಆ ‘ಗೊತ್ತಿಲ್ಲ’ದಲ್ಲಿ ನಾಚಿಕೆಯೂ ಇರುತ್ತಿರಲಿಲ್ಲ, ಗತ್ತೂ ಇರುತ್ತಿರಲಿಲ್ಲ.

ಒಮ್ಮೆ ರಾವಂದೂರಿನ ಮದುವೆ ದಿಬ್ಬಣವೊಂದು ಹುಣಸೂರಿಗೆ ಹೋಗಲು ಬಂದು ನಿಂತಿತ್ತು. ಬಸ್ಸು ಕೊಡಗಿನ ಘಟ್ಟದಲ್ಲಿ ಕೆಟ್ಟು ನಿಂತಿದೆ ಎಂದು ಆ ಕಡೆಯಿಂದ ಬಂದ ಲಾರಿಯವನು ಹೇಳಿ ಹೋಗಿದ್ದ. ಏಜೆಂಟರು ಗೂಡಿನಿಂದ ಹೊರಗೆ ಬಂದು, “ಬಸ್ಸು ನೆಚ್ಕೋಬೇಡಿ ಕಣ್ರಪ್ಪಾ. ಗಾಡಿ ಕಟ್ಕೊಂಡು ಒಂಟೋಗಿ. ಮೂರ್ತ ತಪ್ಪೋದಾತು” ಎಂದರು. ಬೀಗರಲ್ಲಿ ಒಬ್ಬರು ಸಿಡುಕಿ, “ಇದೇನ್ರೀ, ನಿಮ್ ಬಸ್ಸಿಗೆ ನೀವೇ ಕಲ್ಲಾಕ್ತೀರಾ?” ಎಂದರು. “ಬಸ್ಸು ನಂದಲ್ಲ ಸ್ವಾಮಿ, ಮಾತು ನಂದು” ಎಂದು ಇವರು ಒಳಗೆ ಹೋಗಿ ಕೂತರು. ದಿಬ್ಬಣ ಎತ್ತಿನ ಗಾಡಿಯಲ್ಲಿ ಹೋಯಿತು. ಮುಹೂರ್ತವೂ ತಪ್ಪಲಿಲ್ಲ. ಬಸ್ಸಿನ ಮಾಲೀಕರ ಕಡೆಯವರು ಬಂದು ಇವರನ್ನು ಜನರೆದುರಿಗೇ ಬೈದು ಹೋದರು. ಇವರು ಬೈಗುಳ ಮುಗಿಯುವವರೆಗೆ ಪೆನ್ಸಿಲು ಚೂಪು ಮಾಡುತ್ತಾ ಕೂತಿದ್ದರು.

ಇಂಥವರ ಹತ್ತಿರ ನನ್ನ ಬಾಳು ಹೋಗಿ ನಿಂತದ್ದು ನನ್ನ ಮದುವೆಯಾದ ಮೇಲೆ.

ನನ್ನ ಮನೆಯವರು ಚುಂಚನಕಟ್ಟೆಯವರು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡು ಅಕ್ಕನ ಕೈಯಲ್ಲಿ ಬೆಳೆದವರು. ಕೊಡಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ತೋಟದ ಬಿಳಿ ದೊರೆ ಅದನ್ನು ಮಾರಿ, ಮಲಯಾದ ರಬ್ಬರ್ ತೋಟವೊಂದಕ್ಕೆ ಮ್ಯಾನೇಜರಾಗಿ ಹೊರಟ. ನಂಬಿಕೆಯ ರೈಟರನ್ನೂ ಜೊತೆಗೆ ಕರೆದುಕೊಂಡು ಹೋದ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ನಮ್ಮ ಅಪ್ಪಯ್ಯನ ಮನೆಯಲ್ಲಿ ನಾನು ಉಳಿದೆ.

ಮಲಯಾದಲ್ಲಿ ಆಗ ಕಾಡು ಸೇರಿದ ಬಂಡುಕೋರರು ತೋಟಗಳಿಗೆ ನುಗ್ಗಿ ಗುಂಡು ಹಾರಿಸುತ್ತಿದ್ದ ಕಾಲ. ಕಾಗದ ತಡವಾದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಇದರ ಜೊತೆಗೆ ಊರಿನವರ ಬಾಯಿ. “ಗಂಡ ಕರುಸ್ಕೊಳ್ಳಕಿಲ್ವಂತಾ?” ಎಂದು ನೀರಿಗೆ ಹೋದಲ್ಲಿ ಬಂದಲ್ಲಿ ಕೇಳುವರು. ಹೀಗಿರುವಾಗ ಒಂದು ದಿನ ಕಾಗದ ಬಂತು. ತೋಟದಲ್ಲಿ ಮನೆ ಕೊಟ್ಟಿದ್ದಾರೆ, ದೊರೆಯೂ ಒಪ್ಪಿ ಪತ್ರ ಬರೆದುಕೊಟ್ಟಿದ್ದಾನೆ, ಪಾಸ್‌ಪೋರ್ಟು ಮಾಡಿಸಿ ಮದ್ರಾಸಿನಲ್ಲಿ ವೀಸಾ ಪಡೆದು ಹಡಗು ಹತ್ತಬೇಕು, ಹೆಂಡತಿಯರನ್ನು ಕರೆಸಿಕೊಳ್ಳುವುದಕ್ಕೂ ಇನ್ನು ಕಟ್ಟುನಿಟ್ಟು ಬರುವ ಹಾಗಿದೆ, ತಡ ಮಾಡಬೇಡಿ ಎಂದು ಬರೆದಿದ್ದರು.

ಅಪ್ಪಯ್ಯನಿಗೆ ಹೊಗೆಸೊಪ್ಪಿನ ಎಲೆ ಮುಟ್ಟಿದರೆ ಅದರ ಜಾತಕ ಗೊತ್ತಾಗುತ್ತಿತ್ತು. ಪಾಸ್‌ಪೋರ್ಟು, ವೀಸಾ ಎಂದರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ. ಯಾರೋ ಮೈಸೂರಿನ ಒಬ್ಬನ ಹೆಸರು ಹೇಳಿದರು. ಪರದೇಶಕ್ಕೆ ಹೋಗುವವರ ಕೆಲಸವೆಲ್ಲ ಅವನೇ ಮಾಡಿಸಿಕೊಡುತ್ತಾನಂತೆ. ಹೇಳಿ ಕಳಿಸಿದ್ದಕ್ಕೆ ಅವನೇ ಬಸ್ಸಿನಲ್ಲಿ ಬಂದಿಳಿದ. ಬಿಸಿಲಿನಲ್ಲೂ ಕರಿಯ ಕೋಟು, ತಲೆಗೆ ಘಮಘಮಿಸುವ ಎಣ್ಣೆ. ಅವನನ್ನು ಎದುರುಗೊಳ್ಳಲು ಅಪ್ಪಯ್ಯ ಗೋಣಿಮರದ ಹತ್ತಿರ ಹೋಗಿದ್ದರು. ಮಾತು ಅಲ್ಲೇ ಶುರುವಾಯಿತು. ಅದನ್ನು ಅಪ್ಪಯ್ಯ ಮನೆಗೆ ಬಂದು ಎಷ್ಟು ಸಲ ಹೇಳಿದರೆಂದರೆ, ನಾನೇ ಅಲ್ಲಿದ್ದಂತೆ ನೆನಪಾಗಿಬಿಟ್ಟಿದೆ.

ಗೂಡಿನೊಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಏಜೆಂಟರು ಕತ್ತು ಹೊರಗೆ ಹಾಕಿ, “ಸ್ವಾಮಿ, ಒಂದ್ ಮಾತು ಕೇಳ್ಲಾ? ವೀಸಾ ಬರ್ದೇ ಓದ್ರೆ ಏನ್ ಮಾಡ್ತೀರಿ?” ಎಂದರು.

“ಬರದೇ ಇರೋ ಮಾತೇ ಇಲ್ಲ” ಎಂದ ಕೋಟಿನವನು.

“ಬರ್ದೇ ಓದ್ರೆ ಅಂದೆ.”

“ನಮ್ಮ ಕೈಗೆ ಬಂದ ಕೇಸು ಒಂದೂ ಕೆಟ್ಟಿಲ್ಲ ಕಣ್ರೀ. ಮದ್ರಾಸಲ್ಲಿ ಎಲ್ಲಾ ನಮ್ಮೋರೇ.”

ಅವನು ಕಾಫಿ ಕುಡಿಯಲು ಆಚೆ ಹೋದಾಗ ಏಜೆಂಟರು ಅಪ್ಪಯ್ಯನಿಗೆ ಹೇಳಿದರಂತೆ: “ಯಜಮಾನ್ರೇ, ದಿನಾ ಬರೋ ಬಸ್ಸು ಇವತ್ತು ಬತ್ತದೋ ಇಲ್ವೋ ಅಂತ ನಂಗೆ ಏಳಕ್ಕಾಗಲ್ಲ. ಕಣ್ಣಲ್ಲಿ ಕಾಣದ ದೇಸದ ಕಾಗ್ದ ಬಂದೇ ಬತ್ತದೆ ಅನ್ನೋನ್ನ ಎಂಗೆ ನಂಬೀರಿ? ಕೆಟ್ರೆ ಏನು ಅಂತ ಯೋಚ್ನೆ ಮಾಡ್ದೋನ ಕೈಗೆ ಮಾತ್ರ ಮಗೀನ ಕಾಗ್ದ ಕೊಡಿ.”

ಅಪ್ಪಯ್ಯನಿಗೆ ರೇಗಿತು. “ಅಂಗಾರೆ ನೀವೇ ಮಾಡ್ಕೊಡಿ ನೋಡಾನ!”

“ವೀಸಾ ಅಂದ್ರೆ ಏನಂತ್ಲೇ ನಂಗೊತ್ತಿಲ್ಲ” ಎಂದರು ಏಜೆಂಟರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ತಿಳ್ಕೊಂಡ್ ಏಳ್ತೀನಿ. ಒಸಿ ಟೇಮ್ ಕೊಡಿ” ಎಂದರು.

ಮನೆಯಲ್ಲಿ ಅವ್ವ ಕೂಗಾಡಿದಳು. “ಗೊತ್ತಿಲ್ಲ ಅನ್ನೋರ ಕೈಗೆ ಮಗಳ ಬಾಳು ಕೊಡ್ತೀರಾ?” ಅದಕ್ಕೆ ಅಪ್ಪಯ್ಯ, “ಗೊತ್ತಿಲ್ಲ ಅಂತ ಬಾಯ್ಬುಟ್ಟು ಏಳೋರು ಈ ತಾಲ್ಲೂಕಲ್ಲಿ ಅವ್ರೊಬ್ರೇ ಕಣೇ” ಎಂದು ಮೇಲುವಸ್ತ್ರ ಕೊಡವಿ ಎದ್ದು ಹೋದರು. ನನ್ನ ಅಪ್ಪಯ್ಯ ಜೀವನದಲ್ಲಿ ಮಾಡಿದ ಒಳ್ಳೆಯ ವ್ಯಾಪಾರಗಳಲ್ಲಿ ಅದೇ ಮೊದಲನೆಯದು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಏಜೆಂಟರು ತಿಳಿದುಕೊಂಡ ರೀತಿಯೂ ಬಸ್ಸಿನದೇ. ಮಡಿಕೇರಿಯ ಕಡೆಯಿಂದ ಇಳಿಯುವ ತೋಟದ ಗುಮಾಸ್ತರು, ವಿರಾಜಪೇಟೆಯ ದಾರಿಯಲ್ಲಿ ಬರುವ, ಸಿಂಗಪುರ ಕಂಡ ಮಲಯಾಳಿಗಳು, ರಜಕ್ಕೆ ಬಂದ ಕೊಡಗಿನ ಸುಬೇದಾರರು, ಯಾರನ್ನೂ ಬಿಡಲಿಲ್ಲ. ಟಿಕೀಟು ಬರೆಯುತ್ತಲೇ ಕೇಳುವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ, ಇಬ್ಬರ ಮಾತೂ ಕೂಡಿದರೆ ಮಾತ್ರ ನಮ್ಮ ಮನೆಗೆ ಹೇಳಿ ಕಳಿಸುವರು. ಕೂಡದಿದ್ದರೆ, ಅದನ್ನು ಇನ್ನೂ ವಿಚಾರಿಸುತ್ತಿದ್ದೇನೆ ಎಂದು ಹೇಳಿ ಕಳಿಸುವರು. ಪೋಸ್ಟ್ ಮಾಸ್ಟರನ್ನು ಹಿಡಿದು ಇಂಗ್ಲಿಷಿನಲ್ಲಿ ಅರ್ಜಿ ಬರೆಸಿದರು. ಪಾಸ್‌ಪೋರ್ಟು ಬಂದೇ ಬಂತು. ನಾವು ಮದ್ರಾಸಿಗೆ ಹೊರಟಾಗ, “ಅಲ್ಲಿ ಸಾಯೇಬ್ರು ನಿನ್ನ ಏನ್ ಕೇಳ್ತಾರೆ ಅನ್ನೋದು ಮಾತ್ರ ಗೊತ್ತಾಗ್ನಿಲ್ಲ ಕಣವ್ವಾ. ಒಬ್ಬೊಬ್ರು ಒಂದೊಂದು ತರ ಅಂತಾರೆ” ಎಂದರು.

ಎಡವಿದ್ದು ಅಲ್ಲಿಯೇ.

ವೀಸಾ ಕೊಡುವ ಕೆಂಪು ಮುಖದ ಸಾಹೇಬರ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಗುಮಾಸ್ತರಿದ್ದರು. ಕಾಗದಗಳನ್ನು ನೋಡಿದರು, ಫೋಟೋ ನೋಡಿದರು. ಆಮೇಲೆ ಗುಮಾಸ್ತರು, “ನಿಮ್ಮ ಗಂಡನ ಹೆಸರು ಹೇಳಿ” ಎಂದರು.

ನಾನು ತಲೆ ತಗ್ಗಿಸಿದೆ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ನಮ್ಮಲ್ಲಿ ಹಾಲಿನ ಜೊತೆಗೆ ಕುಡಿಸಿದ ಮಾತು. ಈಗಿನವರು ನಗಬಹುದು, ನಗಲಿ. ಗುಂಡು ಹಾರುವ ಕಾಡಿನ ಅಂಚಿನಲ್ಲಿ ಗಂಡನನ್ನು ಬಿಟ್ಟು ಕೂತವಳಿಗೆ ನಗು ಬರುವುದಿಲ್ಲ. ಅಪ್ಪಯ್ಯ ಬಾಯಿ ತೆರೆದರು. ಸಾಹೇಬರು ಕೈ ಎತ್ತಿ ತಡೆದರು. ಬರೆದುಕೊಡುತ್ತೇನೆ ಎಂದು ಸನ್ನೆ ಮಾಡಿದೆ. ಅದೂ ಆಗಲಿಲ್ಲ. ದುಡ್ಡಿನಾಸೆಗೆ ಯಾರನ್ನೋ ಯಾರದೋ ಹೆಂಡತಿ ಎಂದು ಹಡಗು ಹತ್ತಿಸುವವರಿದ್ದಾರೆ, ಒಂದು ಹೆಸರು ಬರೆಯುವುದನ್ನು ಅವರೇ ಕಲಿಸಿ ಕಳಿಸುತ್ತಾರೆ, ಗಂಡನ ಹೆಸರೇ ಬಾಯಿಗೆ ಬಾರದವಳನ್ನು ಹೆಂಡತಿ ಎಂದು ಹೇಗೆ ನಂಬುವುದು ಎಂದು ಗುಮಾಸ್ತರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಇನ್ನೊಂದು ತಾರೀಕು ಕೊಟ್ಟರು. ಆಗಲೂ ಹೀಗೇ ಆದರೆ ಅರ್ಜಿ ವಜಾ.

ಬರುವಾಗ ರೈಲಿನಲ್ಲಿ ಅಪ್ಪಯ್ಯ ನನಗೆ ಬೆನ್ನು ಮಾಡಿ ಕೂತರು. ಬೈದಿದ್ದರೆ ವಾಸಿಯಿತ್ತು.

ಸುದ್ದಿ ಹೇಗೆ ಮುಟ್ಟಿತೋ, ಮಾರನೆಯ ವಾರವೇ ಕೋಟಿನವನು ನಮ್ಮ ಜಗುಲಿಯ ಮೇಲೆ ಕೂತಿದ್ದ. ಈ ಸಲ ಅವನ ಹತ್ತಿರ ಹೊಸ ಉಪಾಯವಿತ್ತು. ನಾನು ಕಚೇರಿಗೆ ಹೋಗುವುದೇ ಬೇಡವಂತೆ. ಅವನ ಕಡೆಯ ಒಬ್ಬ ಹೆಂಗಸು ನನ್ನ ಹೆಸರಿನಲ್ಲಿ ಹೋಗಿ ನಿಂತು ಪಟಪಟನೆ ಉತ್ತರ ಕೊಡುತ್ತಾಳಂತೆ. ಅಲ್ಲಿ ಫೋಟೋವನ್ನು ಅಷ್ಟಾಗಿ ಯಾರು ನೋಡುತ್ತಾರೆ ಎಂದ. “ನಿಮ್ಮ ಮಗಳ ನೇಮಾನೂ ಉಳೀತದೆ, ವೀಸಾನೂ ಬತ್ತದೆ” ಎಂದು ನಕ್ಕ. ನನ್ನ ಸಂಕಟವನ್ನೇ ಅವನು ಸರಕು ಮಾಡಿಕೊಂಡಿದ್ದ. ಸೋತಿದ್ದ ಅಪ್ಪಯ್ಯ, ನಾಳೆ ಹೇಳುತ್ತೇನೆ ಎಂದು ಅವನನ್ನು ಕಳಿಸಿದರು. ಅವರು ಒಪ್ಪಿಕೊಳ್ಳಲಿದ್ದಾರೆ ಎಂದು ನನಗೂ ಅವ್ವನಿಗೂ ಗೊತ್ತಾಯಿತು. ನಿಜ ಹೇಳಬೇಕೆಂದರೆ, ನನಗೂ ಜೀವ ಹಗುರಾಗಿತ್ತು.

ಮರುದಿನ ಮೈಸೂರಿನ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಏಜೆಂಟರು ನಮ್ಮ ಮನೆಗೆ ಬಂದರು. ಬಸ್ಸಿನ ಹೊತ್ತಿನಲ್ಲಿ ಅವರು ಗೂಡು ಬಿಟ್ಟದ್ದನ್ನು ಊರು ನೋಡಿರಲಿಲ್ಲ. ಕೈಗಂಟೆಯನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡೇ ಬಂದಿದ್ದರು. ಅದು ಅವರು ಕೂರುವಾಗ ಒಮ್ಮೆ ಠಣ್ ಎಂದಿತು.

“ಯಜಮಾನ್ರೇ, ಆ ಕೋಟಿನೋನು ನಿನ್ನೆ ಬಸ್ಸತ್ತುವಾಗ ಎಲ್ಲಾ ಬಾಯ್ಬುಟ್ಟ. ಉಣಸೂರು ಕಡೆ ಎಣ್ಮಗಳೊಬ್ಳು ಇಂಗೇ ಅವನ ಕೈಗೆ ಸಿಕ್ಕಿದ್ಳು. ಬೇರೆಯೋಳು ನಿಂತು ಕಾಗ್ದ ಮಾಡ್ಸಿದ್ಳು. ಅಡಗು ಅತ್ತಾಕೆ ಓದಾಗ ಮೊಕ ಬೇರೆ, ಪಟ ಬೇರೆ ಅಂತ ಬಂದರಲ್ಲೇ ತಡದ್ರಂತೆ. ಇನ್ನು ಜನ್ಮದಲ್ಲಿ ಅವಳ್ನ ಗಂಡನ ತಾವ್ಕೆ ಬುಡಕಿಲ್ಲ. ಅವಳು ವಾಪಸ್ ಬಂದದ್ದು ನಮ್ ಬಸ್ಸಲ್ಲೇ. ಮೊನ್ನೆ ಡ್ರೈವರ್ ಏಳಿ ಕಣ್ಣೀರಾಕ್ದ.”

ಏಜೆಂಟರು ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ಮಗಾ, ಮದ್ವೆ ಆಗಿ ಗಂಡನ ಮನೆಗೆ ಓದಾಗ ಬಾಗ್ಲು ತಡೆದೋರು ಯಾರು?”

“ನಾದಿನಿ” ಎಂದೆ, ನನ್ನ ಮನೆಯವರನ್ನು ಸಾಕಿದ ಅಕ್ಕ. ನಮ್ಮ ಕಡೆ ಹೊಸ ಸೊಸೆ ಮನೆ ತುಂಬುವಾಗ ಗಂಡಿನ ಅಕ್ಕತಂಗಿಯರು ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುವುದು.

“ಎಸ್ರು ಏಳಿದ್ಯಾ?”

“ಹೇಳ್ದೆ.”

“ಅವತ್ತು ನಿನ್ ಗಂಡಂಗೆ ಏನಾರ ಆಯ್ತಾ?”

“ಇಲ್ಲ.”

“ಒಸ್ಲು ಮುಂದೆ ಏಳುದ್ರೆ ಆಯಸ್ಸು ಕಮ್ಮಿ ಆಗಕಿಲ್ಲ ಕಣವ್ವಾ. ಏಳ್ದೇ ಇದ್ರೆ ಒಳೀಕೆ ಬುಡಕಿಲ್ಲ. ಈಗ ನಿನ್ ಗಂಡನ ಮನೆ ಅದೆಲ್ಲಿ? ಸಮುದ್ರದಾಚೆ. ಅದರ ಒಸ್ಲು ಮದ್ರಾಸಲ್ಲದೆ. ಆ ಸಾಯೇಬ ಬಾಗ್ಲು ತಡೆದವ್ನೆ, ಅಷ್ಟೇಯ.”

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ಆದರೆ ಧೈರ್ಯ ಬರಲಿಲ್ಲ. ಆ ಕೆಂಪು ಮುಖವನ್ನು ನೆನೆದರೆ ನಾಲಿಗೆ ಒಣಗುತ್ತದೆ, ಅಲ್ಲಿ ಹೋದಾಗ ಏನಾಗುತ್ತದೋ ಎಂದೆ. ಅವರು ನನ್ನನ್ನು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ನಡೀತದೆ ಅಂತ ನಾನೂ ಏಳಕಿಲ್ಲ. ಸಾಯೇಬ ಒಪ್ತಾನೋ ಬುಡ್ತಾನೋ ಗೊತ್ತಿಲ್ಲ. ಆದ್ರೆ ಸುಳ್ಳು ಮಾಡಿ ಕೆಡೋದ್ಕಿಂತ ನಿಜ ಮಾಡಿ ಕೆಡಾನ. ಆಮೇಲೂ ಎದ್ ಬರಕೆ ಒಂದು ದಾರಿ ಇರ್ತದೆ” ಎಂದರು. ಆಮೇಲೆ ಅಪ್ಪಯ್ಯನಿಗೆ, “ಈ ಸರ್ತಿ ನೀವು ಒಬ್ರೇ ಕರ್ಕೊಂಡ್ ಓಗ್ಬೇಡಿ. ಬಾಗ್ಲು ತಡೆಯೋರ್ನೂ ಕರ್ಕೊಂಡ್ ಓಗಿ” ಎಂದು ಎದ್ದರು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿ, ಜೇಬಿನ ಗಂಟೆಯನ್ನು ಒತ್ತಿ ಹಿಡಿದುಕೊಂಡು ಓಡಿದರು.

ಅವರೇ ಕೆ.ಆರ್. ನಗರದ ಬಸ್ಸಿನವರ ಕೈಲಿ ಚುಂಚನಕಟ್ಟೆಗೆ ಹೇಳಿ ಕಳಿಸಿದರು. ನಮ್ಮ ನಾದಿನಿ ಗದ್ದೆ ಕೆಲಸ ಬಿಟ್ಟು, ಒಂದು ಗಂಟು ಅವಲಕ್ಕಿ ಕಟ್ಟಿಕೊಂಡು ಬಂದಿಳಿದರು. ಮೈಕಟ್ಟು ಎಷ್ಟೋ ಧ್ವನಿಯೂ ಅಷ್ಟೇ. ಕಾವೇರಿಯ ಈ ದಡದಲ್ಲಿ ಕೂಗಿದರೆ ಆ ದಡದ ಎತ್ತು ತಿರುಗಿ ನೋಡಬೇಕು.

ಮದ್ರಾಸಿನ ಕಚೇರಿಯಲ್ಲಿ ನಮ್ಮ ಸರದಿ ಬಂದಾಗ ಏನಾಗುತ್ತಿದೆ ಎಂದು ಜವಾನನಿಗೆ ಗೊತ್ತಾಗುವ ಮೊದಲೇ ನಾದಿನಿ ಒಳಗೆ ನುಗ್ಗಿ, ಹಿಂದಕ್ಕೆ ತಿರುಗಿ, ಎರಡೂ ಕೈ ಚಾಚಿ ಸಾಹೇಬರ ಕೋಣೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ನಾನು ಹೊರಗೆ, ಅವರು ಒಳಗೆ, ಅವರ ಹೆಗಲ ಮೇಲಿನಿಂದ ಸಾಹೇಬರ ಮುಖ.

“ಯಾರವ್ವಾ ನೀನು, ಯಾರ ಎಂಡ್ರು? ನನ್ ತಮ್ಮನ ಮನೆ ಬಾಗ್ಲು ಇದು. ಗಂಡನ ಎಸ್ರು ಏಳಿ ಒಳೀಕೆ ಬಾ!”

ಸಾಹೇಬರು ಎದ್ದು ನಿಂತರು. ಜವಾನ ನಾದಿನಿಯ ಕೈ ಹಿಡಿದೆಳೆಯಲು ಹೋದ. ಇನ್ನೇನು, ಎಲ್ಲರನ್ನೂ ಆಚೆ ದಬ್ಬುತ್ತಾರೆ ಎಂದುಕೊಂಡೆ. ನಾದಿನಿ ಕದಲಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದಾಗ ನನಗೆ ಮದ್ರಾಸು ಮರೆತುಹೋಯಿತು, ಸಾಹೇಬರೂ ಮರೆತುಹೋದರು. ನನ್ನ ಮುಂದೆ ಇದ್ದದ್ದು ಹೊಸ್ತಿಲು ಮಾತ್ರ. ಹೆಸರು ಹೇಳಿದೆ. ಮೆಲ್ಲಗೆ ಹೇಳಲಿಲ್ಲ, ಗಟ್ಟಿಯಾಗಿ, ಅವರ ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇದು ಹೊಸ್ತಿಲಲ್ಲವಲ್ಲ.

ಗುಮಾಸ್ತರು ನಗು ತಡೆದುಕೊಂಡು ಸಾಹೇಬರಿಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದರು. ಸಾಹೇಬರು ನಗಲಿಲ್ಲ. ನಾದಿನಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಆಮೇಲೆ ಒಂದು ಮಾತು ಹೇಳಿ ಕೂತರು. ಗುಮಾಸ್ತರು ಅದನ್ನು ಕನ್ನಡಕ್ಕೆ ತಂದರು: “ದಾರಿ ಬಿಡಿ ಅಮ್ಮಾ, ಒಳಗೆ ಬರಲಿ ಅಂತಾರೆ.” ಅಂದು ಸಾಯಂಕಾಲ ವೀಸಾ ಕೈಗೆ ಸಿಕ್ಕಿತು.

ಊರಿಗೆ ಬಂದು ಇಳಿದಾಗ ಏಜೆಂಟರು ಏನಾಯಿತು ಎಂದು ಕೇಳಲೇ ಇಲ್ಲ. ನಾದಿನಿ ಬಸ್ಸಿನ ಮೆಟ್ಟಿಲಿನಿಂದಲೇ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಅವರು ತಲೆ ಅಲ್ಲಾಡಿಸಿ ಮುಂದಿನ ಟಿಕೀಟು ಬರೆಯತೊಡಗಿದರು. ಪೆನ್ಸಿಲನ್ನು ತುಟಿಗೆ ಒತ್ತುವುದನ್ನೇ ಮರೆತಿದ್ದರು. ನಮಗಿಂತ ಹೆಚ್ಚಿಗೆ ಹೆದರಿದ್ದವರು ಅವರೇ ಇರಬೇಕು ಎಂದು ನನಗೆ ಆಗ ಹೊಳೆಯಿತು. ಅಪ್ಪಯ್ಯ ಏನೇನೋ ಕೊಡಲು ಹೋದರು, ಒಂದನ್ನೂ ಮುಟ್ಟಲಿಲ್ಲ. ಅವ್ವ ಹಿತಕಿದ ಅವರೆಬೇಳೆ ಸಾರು ಮಾಡಿ ಊಟಕ್ಕೆ ಕರೆದಾಗ ಮಾತ್ರ ಬಂದು, ಎರಡು ಸಲ ಬಡಿಸಿಕೊಂಡು ಉಂಡರು.

ನಾನು ಹೊರಟ ದಿನ ಮೈಸೂರಿನ ಟಿಕೀಟು ಬರೆದುಕೊಟ್ಟವರೂ ಅವರೇ. ಕಾಲಿಗೆ ಬಿದ್ದೆ. “ಅಡಗಿನ ವಿಚಾರ ನಂಗೊತ್ತಿಲ್ಲ ಮಗಾ. ಈ ಬಸ್ಸು ಮಾತ್ರ ಈಗ ಒಂಡ್ತದೆ, ಕೂತ್ಕೋ” ಎಂದು ಗಂಟೆ ಬಾರಿಸಿದರು. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಅವರು ತಲೆ ಎತ್ತಲಿಲ್ಲ.

ಮಲಯಾದಲ್ಲಿ ನನಗೆ ಸಂಸಾರ ಕೈಗೂಡಿತು. ಮಕ್ಕಳಾದವು. ರಬ್ಬರ್ ಮರಗಳ ನಡುವಿನ ಆ ತಗಡಿನ ಸೂರಿನ ಮನೆ, ಅಲ್ಲಿ ಬೆಂದ ಅನ್ನ, ಅಲ್ಲಿ ಅತ್ತದ್ದು ನಕ್ಕದ್ದು, ಎಲ್ಲವೂ ಆ ಮನುಷ್ಯರು ಒಂದು ದಿನ ಗೂಡು ಬಿಟ್ಟು ನಮ್ಮ ಜಗುಲಿಗೆ ಬಂದದ್ದರಿಂದ ನನಗೆ ದಕ್ಕಿದ್ದು. ಪರದೇಶಕ್ಕೆ ಹೋಗುವವರು ಎಂಥ ಏಜೆಂಟನನ್ನು ಹಿಡಿಯಬೇಕು ಎಂದು ಈಗಲೂ ಯಾರಾದರೂ ನನ್ನನ್ನು ಕೇಳುವುದುಂಟು. ಅವನಿಗೆ ಗೊತ್ತಿಲ್ಲದ್ದು ಏನು ಎಂದು ಮೊದಲು ಕೇಳಿ, ಹೇಳಿದರೆ ನಂಬಿ, ಎಂದು ಹೇಳುತ್ತೇನೆ. ನಾನು ಕಲಿತದ್ದು ಅಷ್ಟೇ.

ಆದರೆ ಹೆಸರು ಹೇಳಿದ ಸಂಗತಿಯನ್ನು ನನ್ನ ಮನೆಯವರಿಗೆ ಹೇಳಲು ನಾಚಿಕೆಯಾಗಿ ಹಾಗೇ ಉಳಿಸಿಕೊಂಡಿದ್ದೆ. ಕೆಲವು ವರ್ಷಗಳ ಮೇಲೆ ಅಪ್ಪಯ್ಯನ ಕಾಗದ ಬಂತು. ಕೆಲಸ ಮುಗಿಸಿ ಬಂದ ನನ್ನ ಮನೆಯವರು ಮೆಟ್ಟಿಲ ಮೇಲೆ ಕೂತು ಓದಿ ಹೇಳುತ್ತಿದ್ದರು. ಹೊಗೆಸೊಪ್ಪಿನ ಧಾರಣೆ, ಅವ್ವನ ಮಂಡಿನೋವು, ಆಮೇಲೆ ಒಂದು ಸಾಲು: ಬಸ್ ಏಜೆಂಟರು ಹೋಗಿಬಿಟ್ಟರು, ಊರಿನವರೆಲ್ಲ ಮಣ್ಣಿಗೆ ಹೋಗಿದ್ದೆವು.

ಅವರು ಮುಂದಿನ ಸಾಲಿಗೆ ಹೋಗಿದ್ದರು. ನನ್ನ ಅಳು ಕೇಳಿಸಿ ತಲೆ ಎತ್ತಿ, “ಯಾರು ಆ ಏಜೆಂಟರು?” ಎಂದು ಕೇಳಿದರು.

“ನಿಮ್ಮ ಹೆಸರು ನನ್ನ ಬಾಯಲ್ಲಿ ಹೇಳಿಸಿ ಇಲ್ಲಿಗೆ ಕಳಿಸಿದವರು” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ.

ಅವರು ಕಾಗದ ಮಡಿಸಿ ಪಕ್ಕಕ್ಕಿಟ್ಟರು. “ಸಾಹೇಬರು ಕೇಳಿದರು, ಅಕ್ಕ ಕೇಳಿದಳು. ಮನೆ ತುಂಬಿದ ದಿನದ ಮೇಲೆ ನಾನು ಮಾತ್ರ ಕೇಳಲಿಲ್ಲವಲ್ಲ” ಎಂದರು.

ಕಣ್ಣು ಒರೆಸಿಕೊಂಡು, ಅವರ ಮುಖ ನೋಡಿಕೊಂಡೇ ಹೇಳಿದೆ.